ನನ್ನವಳು ಬೇಡ ಅಂದಳು

ಗಂಡ: ಎರಡೂ ಕಡೆ ಗೋಡೆ ಎಬ್ಬಿಸಿದ ಹಾಗೆ ಬಂಡೆ ಕಣೇ. ಒಂದ್ಸಲ ಕಣಿವೆ ಒಳಗೆ ಹೋದ್ವಿ ಅಂದ್ರೆ ಹಿಂದಕ್ಕೆ ಬರೋಕೆ ದಾರೀನೇ ಇಲ್ಲ.

ಹೆಂಡತಿ: ಮುಂದಕ್ಕೆ ಬನ್ನಿ ಹಾಗಾದ್ರೆ.

ಗಂಡ: ತಮಾಷೆ ಅಲ್ಲ. ಹೊಳೆ ಹೇಗೆ ನುಗ್ಗುತ್ತೆ ಗೊತ್ತಾ? ಕಣ್ಣಿಗೆ ನೊರೆ ಬಿಟ್ರೆ ಬೇರೇನೂ ಕಾಣಲ್ವಂತೆ.

ಹೆಂಡತಿ: ಒಳ್ಳೇದೇ ಆಯ್ತು. ಕಂಡಿದ್ರೆ ನೀವು ಕಿರುಚಾಡ್ತಿದ್ರಿ.

ಮಧ್ಯಾಹ್ನದ ಊಟ ಮುಗಿದ ಹೊತ್ತು. ಕನ್ನಡಕದಂಗಡಿಗೆ ಗಿರಾಕಿಗಳು ಬರದ ವೇಳೆ. ಈ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಗಂಡ, ಉಳಿದದ್ದೆಲ್ಲ ಮಾಡುವುದು ಹೆಂಡತಿ. ಅವಳು ಕೌಂಟರಿನ ಹಿಂದೆ ಕೂತು, ಯಾರದೋ ಕನ್ನಡಕದ ಸಡಿಲವಾದ ಕಡ್ಡಿಗೆ ಸಾಸಿವೆಯಷ್ಟು ಸ್ಕ್ರೂ ಕೂರಿಸುತ್ತಿದ್ದಳು. ಗಂಡನಾದವನು ಅಕ್ಷರದ ಬೋರ್ಡಿನ ಮುಂದೆ ಅತ್ತಿಂದಿತ್ತ ಓಡಾಡುತ್ತಿದ್ದ.

ಆಗಿದ್ದಿಷ್ಟು. ಹಳೆಯ ಸಹಪಾಠಿಗಳೆಲ್ಲ ಸೇರಿದ್ದಾಗ ಯಾರೋ ರಾಫ್ಟಿಂಗ್ ಮಾತೆತ್ತಿದರು. ರಬ್ಬರ್ ದೋಣಿಯಲ್ಲಿ ಕೂತು ಕಣಿವೆಯ ಹೊಳೆಯಲ್ಲಿ ಧುಮುಕುವುದು. ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿರುವಾಗ ನಮ್ಮ ಶೂರ ಮೇಜು ಕುಟ್ಟಿ, 'ಹೆದರೋರೆಲ್ಲ ಮನೇಲಿರಿ, ನಾನಂತೂ ಹೊರಟೆ' ಎಂದುಬಿಟ್ಟ. ಆ ಜಂಬ ರಾತ್ರಿ ಹಾಸಿಗೆಗೆ ಬರುವಷ್ಟರಲ್ಲಿ ಇಳಿದುಹೋಗಿತ್ತು. ಈಗ ಅವನಿಗೆ ಬೇಕಾಗಿದ್ದು ಹೆಂಡತಿಯ ಬಾಯಿಂದ ಒಂದೇ ಒಂದು 'ಬೇಡ'. ಅಷ್ಟು ಸಿಕ್ಕರೆ ಗೆಳೆಯರ ಮುಂದೆ ಮುಖ ಸಪ್ಪೆ ಮಾಡಿ, ಗಂಡುಗಲಿಯಾಗಿಯೇ ಮನೆಯಲ್ಲಿ ಉಳಿಯಬಹುದಿತ್ತು. ಆ ಮಹಾತಾಯಿ ಮಾತ್ರ ಜಪ್ಪಯ್ಯ ಅಂದರೂ ಅದನ್ನು ಹೇಳುತ್ತಿರಲಿಲ್ಲ.

ಗಂಡ: ಆ ಕಣಿವೇಲಿ ಫೋನೂ ಸಿಗಲ್ಲ.

ಹೆಂಡತಿ: ಅಬ್ಬಾ! ಯಾವತ್ತು ಹೊರಡ್ತೀರಿ?

ಗಂಡ: ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾವು ಹೊಣೆ ಅಲ್ಲ ಅಂತ ಮೊದಲೇ ಹೇಳಿಬಿಡ್ತಾರಂತೆ.

ಹೆಂಡತಿ: ನಿಮ್ಮಮ್ಮ ನಿಮ್ಮನ್ನ ನನಗೆ ಒಪ್ಪಿಸೋವಾಗ್ಲೂ ಹಾಗೇ ಅಂದಿದ್ರು. ನಾನು ಬದುಕಿಲ್ವಾ?

ಗಂಡ: ನನಗೆ ಈಜು ಬರಲ್ಲ ಅನ್ನೋದಾದ್ರೂ ನೆನಪಿದೆಯಾ?

ಹೆಂಡತಿ: ಲೈಫ್ ಜಾಕೆಟ್ ಕೊಡ್ತಾರಲ್ಲ. ಅದು ಸಾಲದಿದ್ರೆ ನಿಮ್ಮೊಳಗೇ ಬೇಕಾದಷ್ಟು ಗಾಳಿ ಇದೆ, ತೇಲ್ತೀರಿ.

ಗಂಡ: ಸರಿ, ಅಂಗಡಿ ಗತಿ ಏನು? ಜನ ಕಣ್ಣು ತೋರಿಸೋಕೆ ಬರ್ತಾರೆ.

ಹೆಂಡತಿ: ಎರಡು ದಿನಕ್ಕೆ ಊರು ಕುರುಡಾಗಲ್ಲ.

ಗಂಡ: (ತಾಳ್ಮೆ ತಪ್ಪಿ) ನೀನೂ ಒಬ್ಬ ಹೆಂಡತೀನಾ? ಗಂಡ ಸಾಯೋಕೆ ಹೊರಟಿದ್ದಾನೆ, ಬೇಡ ಅನ್ನೋಕೆ ನಾಲಿಗೆ ಹೊರಳಲ್ವಾ?

ಹೆಂಡತಿ ಕತ್ತೆತ್ತಿದಳು. ಸ್ಕ್ರೂಡ್ರೈವರನ್ನು ಮಾತ್ರ ಕೆಳಗಿಡಲಿಲ್ಲ.

ಹೆಂಡತಿ: ಓಹೋ. ಬೆಳಗ್ಗಿಂದ ಈ ಪುರಾಣ ಅದಕ್ಕಾ?

ಗಂಡ: ಯಾವುದಕ್ಕೆ?

ಹೆಂಡತಿ: ಬೈಕ್ ತಗೋತೀನಿ ಅಂತ ಊರೆಲ್ಲ ಸಾರಿದ್ರಿ. ಹತ್ತಿದ ಕೂಡ್ಲೇ ಕಾಲು ನಡುಗ್ತು. ಗೆಳೆಯರಿಗೆ ಏನಂದ್ರಿ? 'ನನ್ನವಳು ಬೇಡ ಅಂದಳು.' ನಾಟಕದಲ್ಲಿ ಪಾರ್ಟು ಕೊಟ್ರು, ಜನ ಕಂಡು ಗಂಟಲು ಒಣಗ್ತು. 'ನನ್ನವಳು ಬೇಡ ಅಂದಳು.' ಪೇಟೆ ಮಧ್ಯೆ ದೊಡ್ಡ ಅಂಗಡಿ ಹಾಕೋಣ ಅಂತ ನಾನು ಬಡ್ಕೊಂಡೆ. ಹಿಂದೆ ಸರಿದೋರು ನೀವು. ಹೊರಗೆ ಏನು ಹೇಳ್ಕೊಂಡು ಬಂದ್ರಿ?

ಗಂಡ: (ಮೆಲ್ಲಗೆ) ನನ್ನವಳು ಬೇಡ ಅಂದಳು.

ಹೆಂಡತಿ: ನಿಮ್ಮ ಗೆಳೆಯರ ಮನೆಗಳಲ್ಲಿ ನನಗೇನು ಹೆಸರು, ಗೊತ್ತಾ?

ಗಂಡ: ಹೆಸರಾ? ಯಾವ ಹೆಸರು?

ಹೆಂಡತಿ: ಜೈಲರಮ್ಮ. ಮೊನ್ನೆ ಆ ಪ್ರಿಂಟಿಂಗ್ ಪ್ರೆಸ್ಸಿನವರ ಮನೆಗೆ ಹೋದ್ರೆ, ಅವರ ಚಿಕ್ಕ ಮಗಳು 'ಜೈಲರಮ್ಮ ಆಂಟಿ ಬಂದ್ರು' ಅಂತ ಬಾಗಿಲಲ್ಲೇ ಕೂಗಿದ್ಲು. ಎಲ್ಲರೆದುರು ನಕ್ಕುಬಿಟ್ಟೆ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಾ ಕೂತಿದ್ದೆ.

ಗಂಡನಿಗೆ ತಲೆ ಎತ್ತಲಾಗಲಿಲ್ಲ. ಇಷ್ಟು ವರ್ಷ ಅದೊಂದು ನಿರುಪದ್ರವಿ ಸುಳ್ಳು ಎಂದೇ ಅವನು ತಿಳಿದಿದ್ದ. ಹೆಂಡತಿಗೆ ಅದು ಗೊತ್ತಿದೆ ಎನ್ನುವುದೇ ಅವನಿಗೆ ಗೊತ್ತಿರಲಿಲ್ಲ, ಇನ್ನು ಅವಳು ಅತ್ತಿದ್ದು ಎಲ್ಲಿಂದ ಗೊತ್ತಾಗಬೇಕು? ನಾಚಿಕೆಯಾಯಿತು, ನಿಜವಾಗಿಯೂ ಆಯಿತು.

ಹೆಂಡತಿ: ಈ ಸಲ ನನ್ನ ಬಾಯಿಂದ ಆ ಮಾತು ಬರಲ್ಲ. ಹೋಗೋದಾದ್ರೆ ಹೋಗಿ. ಇಲ್ಲ, ಭಯ ಆಗುತ್ತೆ ಅಂತ ನೀವೇ ಅವರೆದುರು ಒಪ್ಕೊಳ್ಳಿ.

ಆ ಹೊತ್ತಿಗೇ ಬಾಗಿಲು ತಳ್ಳಿಕೊಂಡು ಪ್ರೆಸ್ಸಿನವನು ಒಳಗೆ ಬಂದ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ಈ ಪ್ರವಾಸದ ಉಸ್ತುವಾರಿಯೂ ಅವನದೇ. ಬೆರಳಲ್ಲಿ ಇನ್ನೂ ಆರದ ಶಾಯಿ.

ಗೆಳೆಯ: ಏನೋ ಶೂರ, ಸಂಜೆಯೊಳಗೆ ಯಾರ್ ಯಾರು ಬರ್ತಾರೆ ಅಂತ ರಾಫ್ಟಿಂಗಿನವರಿಗೆ ತಿಳಿಸ್ಬೇಕು. ತಯಾರಾ?

ಗಂಡ: ನಾನು ಬರಲ್ಲ ಕಣೋ.

ಗೆಳೆಯ: (ಹೆಂಡತಿಯ ಕಡೆ ಓರೆನೋಟ ಬೀರಿ) ಹೂಂ. ಅಂದ್ಕೊಂಡೆ.

ಹೆಂಡತಿ: ಏನಂದ್ಕೊಂಡ್ರಿ?

ಗೆಳೆಯ: ಏನಿಲ್ಲ ಅತ್ತಿಗೆ.

ಗಂಡ: ಅವಳು ಬೇಡ ಅಂದಿಲ್ಲ. ಹೋಗಿ ಅಂತಾನೇ ಹೇಳ್ತಿದ್ದಾಳೆ. ನನಗೇ ಭಯ.

ಗೆಳೆಯ: ಯಾರಿಗೆ?

ಗಂಡ: ನನಗೆ. ನೀರು ಕಂಡ್ರೆ ಕೈಕಾಲು ತಣ್ಣಗಾಗುತ್ತೆ. ಅವತ್ತು ಬೈಕ್ ಬೇಡ ಅಂದೋನೂ ನಾನೇ. ನಾಟಕ ಬಿಟ್ಟಿದ್ದೂ ಹೆದರಿಕೊಂಡು. ದೊಡ್ಡ ಅಂಗಡಿಗೆ ಅಡ್ಡಗಾಲು ಹಾಕಿದೋನೂ ನಾನೇ. ಪಾಪ, ಇವಳದ್ದೇನೂ ತಪ್ಪಿಲ್ಲ.

ಹೇಳಿ ಮುಗಿಸಿದ ಮೇಲೆ ಅವನಿಗೆ ಎದೆ ಹಗುರಾಯಿತು. ಹೆಂಡತಿಯ ಮುಖದ ಬಿಗುವೂ ಅಂದು ಮೊದಲ ಸಲ ಸಡಿಲಗೊಂಡಿತು. ಪ್ರೆಸ್ಸಿನವನು ಮಾತ್ರ ಗೆಳೆಯನನ್ನು ನೋಡಿದ, ಅವನ ಹೆಂಡತಿಯನ್ನು ನೋಡಿದ, ಅವಳ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ನೋಡಿದ. ಆಮೇಲೆ ಹತ್ತಿರ ಬಂದು ಗೆಳೆಯನ ಹೆಗಲ ಮೇಲೆ ಕೈಯಿಟ್ಟು ದನಿ ತಗ್ಗಿಸಿದ. ಅಂಗಡಿ ಎಷ್ಟು ಚಿಕ್ಕದೆಂದರೆ ತಗ್ಗಿಸಿದ ದನಿಯೂ ಎಲ್ಲರಿಗೂ ಕೇಳುತ್ತಿತ್ತು.

ಗೆಳೆಯ: ಇಷ್ಟುದ್ದ ಬಾಯಿಪಾಠ ಮಾಡಿಸಿದ್ದಾರಾ?

ಗಂಡ: ಏನು?

ಗೆಳೆಯ: ಬಿಡೋ, ನನಗೆ ಅರ್ಥ ಆಗುತ್ತೆ. ಹೆಂಡ್ತಿ ಮರ್ಯಾದೆ ಉಳಿಸೋಕೆ ತಾನೇ ಹೇಡಿ ಅಂತ ಒಪ್ಕೊಳ್ಳೋ ಗಂಡಸು ಈ ಕಾಲದಲ್ಲಿ ಎಲ್ಲಿ ಸಿಗ್ತಾನೆ!

ಗಂಡ: ಅಲ್ಲ ಕಣೋ, ಆಣೆಗೂ ನಿಜ...

ಗೆಳೆಯ: ಸಾಕು, ಇನ್ನೂ ಹೇಳಿದ್ರೆ ನನಗೇ ಕಣ್ಣೀರು ಬರುತ್ತೆ. (ಜೋರಾಗಿ) ಅತ್ತಿಗೆ, ಇವನನ್ನ ಸ್ವಲ್ಪ ಚೆನ್ನಾಗಿ ನೋಡ್ಕೊಳ್ಳಿ. ನಮ್ಮ ಗುಂಪಲ್ಲಿ ಇಂಥ ಎದೆಗಾರ ಇನ್ನೊಬ್ಬನಿಲ್ಲ.

ಇಲ್ಲಿಗಾದರೂ ಗಂಡ ತಲೆತಗ್ಗಿಸಿ ನಿಲ್ಲಬೇಕಿತ್ತು. ಆದರೆ ಹೊಗಳಿಕೆ ಕಿವಿಗೆ ಬಿದ್ದದ್ದೇ ತಡ, ಆ ಮಹಾನುಭಾವನ ಎದೆ ತನ್ನಷ್ಟಕ್ಕೆ ತಾನೇ ಒಂದಿಷ್ಟು ಉಬ್ಬಿತು. ಹೆಂಡತಿ ಅದನ್ನೂ ನೋಡಿದಳು.

ಹೆಂಡತಿ: ಸ್ವಲ್ಪ ನಿಲ್ಲಿ. ಇವರ ಹೆಸರು ಸೇರಿಸಿ.

ಗೆಳೆಯ: ಅತ್ತಿಗೆ! ನೀವೇ ಕಳಿಸ್ತೀರಾ?

ಹೆಂಡತಿ: ನಾನೇ. ದೋಣಿಯ ಮುಂದಿನ ಜಾಗಾನೇ ಕೊಡಿಸಿ. ಹಿಂದಿರೋರಿಗೆಲ್ಲ ಚೆನ್ನಾಗಿ ಕಾಣ್ಲಿ.

ಗಂಡ: ಅಯ್ಯೋ, ನಿಜ ಹೇಳಿದ್ನಲ್ಲೇ! ಇನ್ನೇನೇ ಬೇಕು ನಿನಗೆ?

ಹೆಂಡತಿ: ಹೇಳಿದ್ರಿ, ಯಾರೂ ನಂಬಲಿಲ್ಲ. ಇನ್ನು ಬಾಯಿಮಾತು ಬೇಡ. ಅಲ್ಲಿಗೇ ಹೋಗಿ, ಎಲ್ಲರ ಕಣ್ಣೆದುರು ಹೆದರಿ ಬನ್ನಿ.