ಹವಳದ ಜಾತಿ ಹೇಳುವಾಕಿ

ನಗೆಯ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋಗುವುದಿಲ್ಲ. ರಜೆಗೆಂದು ಬಂದು ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಯಾರಾದರೂ "ಏನು ಕೆಲಸ ಮಾಡ್ತಿ?" ಎಂದು ಕೇಳಿ, ನಾನು ನಿಜ ಹೇಳಿದರೆ ಸಾಕು, ಅವು ತಾವಾಗಿಯೇ ಹಿಂದೆ ಬೀಳುತ್ತವೆ.

ನಿಜ ಇಷ್ಟೇ. ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿ ಹುಟ್ಟಿ, ಡ್ಯಾಮಿನ ಹಿನ್ನೀರಿಗಿಂತ ದೊಡ್ಡ ನೀರು ಲೋಕದಲ್ಲಿ ಇರಲಾರದು ಎಂದುಕೊಂಡು ಬೆಳೆದ ನಾನು, ಈಗ ಕರಾವಳಿಯ ಒಂದು ಲ್ಯಾಬಿನಲ್ಲಿ ಆಳಸಮುದ್ರದ ಹವಳಗಳ ಮೇಲೆ ಕೆಲಸ ಮಾಡುತ್ತೇನೆ. ಬಿಸಿಲು ಮುಟ್ಟದ ಆಳದಲ್ಲಿ ಬೆಳೆಯುವ ಪ್ರಾಣಿಗಳು ಅವು. ನೋಡಲು ಮಾತ್ರ ಗಿಡ. ನೀರಿನ ಸೆಳೆತ ಹೇಗಿದೆಯೋ ಹಾಗೆ ಆಕಾರ ಬದಲಿಸುವುದರಿಂದ, ಬರೀ ಕಣ್ಣಿಂದ ನೋಡಿ ಯಾವುದು ಯಾವ ಜಾತಿ ಎಂದು ಹೇಳುವುದು ಕಷ್ಟ. ಅದಕ್ಕೇ ಒಂದು ಚೂರು ಅರೆದು, ಡಿ.ಎನ್.ಎ. ತೆಗೆದು ಓದಿ, ಇದು ಇಂಥ ಜಾತಿ, ಇಂಥದ್ದರ ಸಂಬಂಧಿ ಎಂದು ಬರೆಯುತ್ತೇವೆ.

ಇದನ್ನೆಲ್ಲ ಮೊದಲ ಸಲ ಅಪ್ಪನ ಗೆಳೆಯರೊಬ್ಬರಿಗೆ ವಿವರಿಸಿದೆ. ಕಾಲುವೆ ಆಫೀಸಿನಿಂದ ಅಪ್ಪನ ಜೊತೆಗೇ ನಿವೃತ್ತರಾದವರು. ಪೂರ್ತಿ ಕೇಳಿ, ಚಹಾದ ಬಸಿ ಕೆಳಗಿಟ್ಟು ನಿಟ್ಟುಸಿರು ಬಿಟ್ಟರು.

"ಸಮುದ್ರದ ತಳದಾಗೂ ಜಾತಿ ಸರ್ಟಿಫಿಕೇಟ್ ಬೇಕಾತೇನವ್ವಾ?"

ಖರೇನೋ ಸುಳ್ಳೋ

ನಾನು ಹವಳದ ಪರೀಕ್ಷೆ ಮಾಡುತ್ತೇನೆ ಎಂಬ ಸುದ್ದಿ ಕ್ವಾರ್ಟರ್ಸಿನಲ್ಲಿ ಒಂದು ಸಂಜೆಯೊಳಗೆ ಹಬ್ಬಿತು. ಆದರೆ ಹಬ್ಬುವಷ್ಟರಲ್ಲಿ ಸಮುದ್ರ ಉದುರಿಹೋಗಿ ಬರೀ ಹವಳ ಉಳಿದಿತ್ತು. ಮರುದಿನ ಬೆಳಗ್ಗೆ ನಾನು ಹಲ್ಲು ಉಜ್ಜುತ್ತಿರುವಾಗಲೇ ನಾಲ್ಕು ಜನ ಹೆಂಗಸರು ಉಂಗುರ ಕಳಚಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕುಜದೋಷಕ್ಕೆಂದು ಹಾಕಿಕೊಂಡ ಹವಳ. ಅಸಲೋ ನಕಲೋ ಹೇಳಬೇಕು.

"ಇಲ್ಲಿ ಆಗಂಗಿಲ್ಲ ಅಕ್ಕಾ. ಲ್ಯಾಬಿಗೆ ಒಯ್ಯಬೇಕು. ಸ್ವಲ್ಪ ಅರೆದು ಪುಡಿ ಮಾಡಬೇಕಾಗ್ತದೆ" ಎಂದೆ.

ಮೂವರು ತಕ್ಷಣ ಉಂಗುರ ಬೆರಳಿಗೇರಿಸಿದರು. ನಾಲ್ಕನೆಯವರು, ಪಕ್ಕದ ಮನೆಯ ಅಕ್ಕ, ಮಾತ್ರ ಧೈರ್ಯವಂತೆ. "ಅರಿ, ಪರವಾಗಿಲ್ಲ. ಇಪ್ಪತ್ತು ವರ್ಷ ಆತು, ನನಗೂ ಖರೇ ಗೊತ್ತಾಗಬೇಕು" ಎಂದು ನನ್ನ ಅಂಗೈಯಲ್ಲಿ ಉಂಗುರ ಇಟ್ಟು ಹೋದರು.

ಹತ್ತು ನಿಮಿಷ ಆಗಿರಲಿಲ್ಲ. ಅಷ್ಟೇ ವೇಗದಲ್ಲಿ ವಾಪಸ್ ಬಂದರು.

"ಕೊಡವ್ವ ಇಲ್ಲಿ. ಸುಳ್ಳು ಅಂತ ನೀ ಹೇಳಿ ನಿನ್ನ ಲ್ಯಾಬಿಗೆ ಹೋಗ್ತಿ. ಕೊಡಿಸಿದ ಗಂಡನ ಜೋಡಿ ಬಾಳ್ವೆ ಮಾಡಾಕಿ ನಾನು!"

ಯಾವ ಮೈನ್ಸು?

ಸಂಡೂರು ತಾಲೂಕಿನ ವಡ್ಡು ಎಂಬ ಊರಿನಲ್ಲಿ ನನ್ನ ಗೆಳತಿ ಶಾಲೆಯ ಟೀಚರು. ಮಕ್ಕಳಿಗೆ ತೋರಿಸು ಬಾ ಎಂದು ಕರೆದಿದ್ದಳು. ಲ್ಯಾಬಿನಿಂದ ಒಂದು ಒಣಗಿದ ಹವಳದ ಕೊಂಬೆಯನ್ನು, ಪರವಾನಗಿ ಪತ್ರದ ಸಮೇತ, ಗಾಜಿನ ಡಬ್ಬಿಯಲ್ಲಿ ತಂದಿದ್ದೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಪಕ್ಕದಲ್ಲಿ ಒಬ್ಬ ಹಿರಿಯರು. ಗಣಿಯ ತೂಕದ ಕಾಟಾದ ಮುಂದೆ ಮೂವತ್ತು ವರ್ಷ ಕೂತವರಂತೆ. ಧೂಳಿನ ಬಣ್ಣ ನೋಡಿಯೇ ಯಾವ ಗುಡ್ಡದ ಅದಿರು ಎಂದು ಹೇಳಬಲ್ಲೆ ಎಂದು, ನಾನು ಕೇಳದಿದ್ದರೂ ಹೇಳಿದರು.

ಆಮೇಲೆ ಡಬ್ಬಿ ಕಣ್ಣಿಗೆ ಬಿತ್ತು. ತಿರುಗಿಸಿ ತಿರುಗಿಸಿ ನೋಡಿದರು.

"ಇದೇನು ಕಬ್ಬಿಣ ಅಲ್ಲ, ಮ್ಯಾಂಗನೀಸೂ ಅಲ್ಲ. ಪರ್ಮಿಟ್ ಐತೇನು?"

"ಐತ್ರೀ." ಪತ್ರ ತೋರಿಸಿದೆ. ಸೀಲು ನೋಡಿ ತಲೆಯಾಡಿಸಿದರು.

"ಎಷ್ಟು ಆಳದಾಗ ಸಿಕ್ತು?"

"ಒಂದು ಕಿಲೋಮೀಟರ್ ಆಳದಾಗ್ರೀ."

ಹಿರಿಯರು ಸೆಟೆದು ಕೂತರು. ನಮ್ಮ ಮಾತು ಕೇಳುತ್ತಿದ್ದ ಕಂಡಕ್ಟರೂ ಟಿಕೆಟ್ ಕೊಡುವುದನ್ನು ನಿಲ್ಲಿಸಿದ.

"ಅಬ್ಬಬ್ಬಾ! ಅಷ್ಟು ಆಳ ತೋಡ್ಯಾರಾ? ಯಾವ ಮೈನ್ಸು ಅದು?"

"ಮೈನ್ಸ್ ಅಲ್ರೀ, ಸಮುದ್ರ. ಸಮುದ್ರದ ತಳ."

ಅವರು ಡಬ್ಬಿಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದರು. ಕಿಟಕಿಯ ಆಚೆ ಕೆಂಪು ಗುಡ್ಡಗಳು ಹಿಂದೆ ಸರಿದವು. ಕೊನೆಗೆ ಡಬ್ಬಿಯನ್ನು ನನ್ನ ತೊಡೆಯ ಮೇಲೆ ಮೆಲ್ಲಗೆ ಇಟ್ಟು ಹೇಳಿದರು:

"ಅಲ್ಲಿಗೂ ಹೋದ್ರಾ ನಮ್ಮೋರು!"

ಕಂಪ್ಲಿಯ ಕರು

ನನ್ನ ಸೋದರಮಾವನದು ಕಂಪ್ಲಿ ಹತ್ತಿರ ಬಾಳೆ ತೋಟ. ಒಂದು ಸಲ ಮಾವನ ಎಮ್ಮೆಯೂ ಕಾಲುವೆಯಾಚೆಯ ಮನೆಯವರ ಎಮ್ಮೆಯೂ ಒಂದೇ ವಾರ ಕರು ಹಾಕಿದ್ದವು. ಎರಡು ತಿಂಗಳಾದ ಮೇಲೆ ಕರುಗಳೆರಡೂ ಕಾಲುವೆ ದಂಡೆಯಲ್ಲಿ ಮೇಯಲು ಹೋದವು. ತಿರುಗಿ ಬಂದದ್ದು ಒಂದೇ. ಇದು ನಮ್ಮದು ಎಂದು ಮಾವ, ನಮ್ಮದೇ ಎಂದು ಅವರು. ಊರ ಹಿರಿಯರು ಕರುವನ್ನು ಮೂರನೆಯವರ ಮನೆಯಲ್ಲಿ ಕಟ್ಟಿಸಿ, ಎರಡು ದಿನದಿಂದ ಅದರ ಕಿವಿ, ಬಾಲ, ಹಣೆಯ ಸುಳಿ ನೋಡಿ ವಾದ ಮಾಡುತ್ತಿದ್ದರು. ಥೇಟ್ ಡಿ.ಎನ್.ಎ. ಬರುವ ಮೊದಲಿನ ನಮ್ಮ ಲ್ಯಾಬಿನಂತೆಯೇ.

ನಾನು ಹೋಗಿದ್ದು ಆ ದಿನವೇ. ಮಾವ ನನ್ನ ಕೈ ಹಿಡಿದು ನೇರ ಕಟ್ಟೆಗೆ ಕರೆದೊಯ್ದ.

"ಇಕಿ ನನ್ನ ಅಕ್ಕನ ಮಗಳು. ಸಮುದ್ರದ ತಳದಾಗ ಇರೋ ಹವಳಕ್ಕೂ ಅವ್ವ ಅಪ್ಪ ಯಾರಂತ ಹೇಳ್ತಾಳ. ನಿಮ್ಮ ಕರು ಯಾವ ಲೆಕ್ಕ?"

"ಮಾವಾ, ನಾನು ಎಮ್ಮಿದು ಮಾಡಂಗಿಲ್ಲ" ಎಂದು ಕಿವಿಯಲ್ಲಿ ಹೇಳಿದೆ.

"ನೀ ಸುಮ್ನಿರು" ಎಂದ ಮಾವ.

ನಾನು ಸುಮ್ಮನಿದ್ದದ್ದೇ ಭಯ ಹುಟ್ಟಿಸಿರಬೇಕು. ಕಾಲುವೆಯಾಚೆಯ ಯಜಮಾನರು ಬಡಪಾಯಿ ಮನುಷ್ಯ. "ರಿಪೋರ್ಟು, ಕೋರ್ಟು ಯಾಕ್ ಬೇಕು? ಒಯ್ಯಿ ಮಾರಾಯ" ಎಂದು ಎದ್ದುಹೋದರು. ನಾನು "ನಿಲ್ರೀ" ಎನ್ನುವಷ್ಟರಲ್ಲಿ ಅವರು ಕಾಲುವೆಯ ದಂಡೆ ಸೇರಿದ್ದರು.

ಮಾವ ಗೆದ್ದ ಪೈಲ್ವಾನನ ಹಾಗೆ ಕರುವನ್ನು ಹಿಡಿದು ತಂದು, ಅಂಗಳದಲ್ಲಿ ಹಗ್ಗ ಬಿಟ್ಟ. ಕರು ತಲೆಯೆತ್ತಿತು. ಗಾಳಿಯ ವಾಸನೆ ಹಿಡಿಯಿತು. ಒಮ್ಮೆ ಕೂಗಿ, ಹಗ್ಗ ಎಳೆದುಕೊಂಡೇ ಓಡಿ, ಕಾಲುವೆಯ ಸಣ್ಣ ಸೇತುವೆ ದಾಟಿ, ಆಚೆ ಮನೆಯ ಎಮ್ಮೆಯ ಹೊಟ್ಟೆಯ ಕೆಳಗೆ ತಲೆ ತೂರಿಸಿ ಹಾಲು ಕುಡಿಯತೊಡಗಿತು. ಎಮ್ಮೆ ಅದರ ಬೆನ್ನು ನೆಕ್ಕಿತು. ಎರಡು ದಿನದಿಂದ ಹೊಳೆಯದ ಪರೀಕ್ಷೆ ಅರ್ಧ ನಿಮಿಷದಲ್ಲಿ ಮುಗಿದಿತ್ತು.

ಮಾವ ಮೋಸಗಾರನಲ್ಲ. ತನ್ನದೇ ಎಂದು ಮನಸಾರೆ ನಂಬಿದ್ದ. ಅಂದೇ ಒಂದು ಗೊನೆ ಬಾಳೆಹಣ್ಣು ಹೊತ್ತು ಆಚೆ ಮನೆಗೆ ಹೋಗಿ ತಪ್ಪಾಯಿತು ಎಂದು ಬಂದ. ಎರಡು ದಿನದ ಮೇಲೆ ಅವನ ಕರುವೂ ಕಬ್ಬಿನ ಗದ್ದೆಯಲ್ಲಿ ಸಿಕ್ಕಿತು. ನಾನು ಹೊರಡುವಾಗ ಮಾವ ಗಂಭೀರವಾಗಿ ಹೇಳಿದ:

"ಸುಮ್ನ ಇಷ್ಟು ವರ್ಷ ಓದಿದಿ. ಆ ಕರೂನ ನಿಮ್ಮ ಲ್ಯಾಬಿಗೆ ಕೆಲಸಕ್ಕ ತಗೊಳ್ರಿ."

ಹಂಪಿಯ ಮೆಟ್ಟಿಲ ಮೇಲೆ

ನನ್ನ ಮೇಡಂ ಮೈಸೂರು ಕಡೆಯವರು. ನನಗೆ ಕೆಲಸ ಕಲಿಸಿದವರು, ನಿವೃತ್ತಿಗೆ ಹತ್ತಿರವಾದವರು. ಚಿಕ್ಕ ವಯಸ್ಸಿನಲ್ಲಿ ಅವರು ಎರಡು ಹವಳಗಳನ್ನು ಗುರುತಿಸಿ, ಎರಡೂ ಬೇರೆ ಜಾತಿ ಎಂದು ಹೆಸರಿಟ್ಟಿದ್ದರು. ಒಂದು ಬೀಸಣಿಗೆಯಂತೆ ಹರಡಿದ್ದು, ಇನ್ನೊಂದು ಕಸಬರಿಗೆಯಂತೆ ನಿಂತದ್ದು. ಅವರು ಹಂಪಿ ನೋಡಲೆಂದು ನಮ್ಮ ಮನೆಗೆ ಬಂದ ದಿನವೇ ನನ್ನ ಫೋನಿಗೆ ಲ್ಯಾಬಿನ ಫಲಿತಾಂಶ ಬಂತು. ಎರಡೂ ಒಂದೇ ಜಾತಿ. ಅಂದರೆ ಅವರಿಟ್ಟ ಹೆಸರುಗಳಲ್ಲಿ ಒಂದು ಹೋಗಬೇಕು. ತಿಂಡಿಯ ಹೊತ್ತಿಗೆ ಹೇಳಿದೆ. ಅಲ್ಲಿಂದ ಹಂಪಿಯವರೆಗೆ ಅವರು ಮುಖವನ್ನು ಕಿಟಕಿಯ ಕಡೆಗೇ ತಿರುಗಿಸಿ ಕೂತಿದ್ದರು. ನನಗೆ ಅಳು ಬರುವುದೊಂದು ಬಾಕಿ.

ಮಧ್ಯಾಹ್ನ ಒಂದು ಮಂಟಪದ ಮೆಟ್ಟಿಲ ಮೇಲೆ ಕೂತೆವು. ಪಕ್ಕದಲ್ಲಿ ಒಬ್ಬ ಅಜ್ಜಿ ಮಜ್ಜಿಗೆ ಮಾರುತ್ತಿದ್ದಳು. ಮೇಡಂ ಒಮ್ಮೆಲೇ ಸಿಡಿದರು.

"ಎರಡಕ್ಕೂ ಹೆಸರಿಟ್ಟವಳು ನಾನು! ಇಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿದೀನಿ. ಈಗ ಬಂದು ಒಂದು ನಿನ್ನದಲ್ಲ ಅಂತೀಯಾ?"

"ನಾನಲ್ಲ ಮೇಡಂ, ಡಿ.ಎನ್.ಎ. ರಿಪೋರ್ಟು ಹೇಳ್ತಿರೋದು."

ಅಜ್ಜಿ ಮಜ್ಜಿಗೆ ಕಡೆಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ತಂಗೀ, ರಿಪೋರ್ಟು ತಂದು ಮನಿ ಮುರೀಬ್ಯಾಡ. ಹೆಸರಿಟ್ಟು ಜ್ವಾಪಾನ ಮಾಡಿದಾಕಿಗೇ ಮಕ್ಕಳು. ಹೊಳಿಗೆ ಒಗಿ ಆ ರಿಪೋರ್ಟು!"

"ನೋಡು, ಅಜ್ಜಿಗೆ ಅರ್ಥ ಆಯ್ತು" ಎಂದರು ಮೇಡಂ, ಒಬ್ಬರಾದರೂ ಪಕ್ಷಕ್ಕೆ ಸಿಕ್ಕ ಸಂತೋಷದಲ್ಲಿ.

"ಈಗ ಎಲ್ಲಿ ಅದಾವು ತಾಯೀ ಅವು?" ಅಜ್ಜಿ ಕನಿಕರದಿಂದ ಕೇಳಿದಳು.

ಮೇಡಂ ಇನ್ನೂ ಸಿಟ್ಟಿನಲ್ಲೇ ಇದ್ದರು; ಯಾರು ಕೇಳಿದರು, ಏನು ಕೇಳಿದರು ಎಂಬುದು ಅವರ ತಲೆಗೆ ಹೋಗಲಿಲ್ಲ. "ಲ್ಯಾಬಲ್ಲಿ. ಸ್ಪಿರಿಟ್ ಬಾಟ್ಲಿ ಒಳಗೆ."

ಅಜ್ಜಿಯ ಕೈಯಿಂದ ಲೋಟ ಜಾರಿತು. "ಎಷ್ಟು... ಎಷ್ಟು ವರ್ಷದವು?"

"ನಾನೂರು ಇರಬಹುದು. ಕಸಬರಿಗೆ ಥರ ಇರೋದು ಇನ್ನೂ ಸ್ವಲ್ಪ ದೊಡ್ಡದು."

ಅಜ್ಜಿ ತಲೆಯೆತ್ತಿ ಸೂರ್ಯನನ್ನು ನೋಡಿದಳು, ಮೇಡಂರನ್ನು ನೋಡಿದಳು. ಸರಸರ ಎದ್ದು, ಅವರ ತೋಳು ಹಿಡಿದು ಮಂಟಪದ ನೆರಳಿಗೆ ಎಳೆದು ಕೂರಿಸಿ, ನೆತ್ತಿಗೆ ನೀರು ತಟ್ಟಿ, ದೊಡ್ಡ ಲೋಟದ ತುಂಬ ಮಜ್ಜಿಗೆ ಕೈಗಿತ್ತಳು. "ಕುಡೀರಿ. ರೊಕ್ಕ ಬ್ಯಾಡ."

ಮೇಡಂ ನನ್ನ ಮುಖ ನೋಡಿದರು. ಆಗಲೇ ಅವರಿಗೆ ಹೊಳೆದದ್ದು. ಮಜ್ಜಿಗೆ ಮೂಗಿಗೆ ಹತ್ತುವಷ್ಟು ನಕ್ಕರು. ಕಣ್ಣೊರೆಸಿಕೊಂಡು, ಬೆಳಗ್ಗೆಯಿಂದ ಮೊದಲ ಸಲ ನನ್ನ ಭುಜದ ಮೇಲೆ ಕೈಯಿಟ್ಟರು. "ಸರಿ ಕಣೇ. ಬರಿ. ಎರಡೂ ಒಂದೇ." ಆಮೇಲೆ ಅಜ್ಜಿಯ ಕಡೆ ತಿರುಗಿ, ತುಂಬ ಮರ್ಯಾದೆಯಿಂದ ಬಿಡಿಸಿ ಹೇಳಿದರು: "ಅಜ್ಜಿ, ನೀವು ತಪ್ಪು ತಿಳ್ಕೊಂಡ್ರಿ. ಅವು ಮಕ್ಕಳಲ್ಲ. ಸಮುದ್ರದ ತಳದಲ್ಲಿರೋ ಪ್ರಾಣಿಗಳು, ನೋಡೋಕೆ ಗಿಡದ ಥರ ಇರ್ತಾವೆ."

ಅಜ್ಜಿ ಹೌದು ಹೌದು ಎಂದು ತಲೆಯಾಡಿಸುತ್ತಲೇ ಮತ್ತೊಂದು ಲೋಟ ತುಂಬಿ, ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಇದನ್ನೂ ಕುಡಸು ತಂಗೀ. ನೆತ್ತಿಗೇರಿದ ಬಿಸಿಲು ಇನ್ನೂ ಇಳಿದಿಲ್ಲ."