ಕೇಳುವ ಕೋಣೆಯ ಗಿರಾಕಿಗಳು

ಸ್ಪೀಕರ್ ಮಾರುವವನು ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಕೂತು, “ಇನ್ನೂ ಸ್ವಲ್ಪ ಜೋರಾಗಿ ಹಾಕಿ” ಅನ್ನುತ್ತವೆ. ಸೀರೆ ಕೊಳ್ಳುವವರು ಸೆರಗು ನೋಡುತ್ತಾರೆ, ಬದನೆಕಾಯಿ ಕೊಳ್ಳುವವರು ತೊಟ್ಟು ನೋಡುತ್ತಾರೆ. ಶಬ್ದಕ್ಕೆ ಸೆರಗೂ ಇಲ್ಲ, ತೊಟ್ಟೂ ಇಲ್ಲ. ಹಾಗಾಗಿ ಒಬ್ಬೊಬ್ಬರೂ ತಮ್ಮ ತಮ್ಮ ಮನೆಯ ಅಳತೆಗೋಲು ಹಿಡಿದುಕೊಂಡೇ ಅಂಗಡಿಗೆ ಬರುತ್ತಾರೆ.

ನನ್ನ ಅಂಗಡಿ ಇದ್ದದ್ದು ಮೈಸೂರಿನ ಲಕ್ಷ್ಮೀಪುರಂನಲ್ಲಿ. ಮೊದಲು ರೇಡಿಯೋ, ಟೇಪ್‌ರೆಕಾರ್ಡರ್ ಮಾರುತ್ತಿದ್ದೆ. ತೊಂಬತ್ತರ ದಶಕದ ಕೊನೆಗೆ ಮನೆಮನೆಗೂ ಕಂಪ್ಯೂಟರ್ ಬರತೊಡಗಿತು. ಅದರ ಪಕ್ಕದಲ್ಲಿಡುವ ಸ್ಪೀಕರು, ಕಿವಿಗೆ ಹಾಕುವ ಹೆಡ್‌ಫೋನು ನನ್ನ ಅಂಗಡಿಗೂ ಬಂದವು. ಹೊಸ ಶತಮಾನ ಕಣ್ಣು ಬಿಡುವ ಹೊತ್ತಿಗೆ ನನಗೊಂದು ಹುಮ್ಮಸ್ಸು ಹತ್ತಿತು. ಮೈಸೂರಿನವರು ಸಂಗೀತ ಬಲ್ಲವರು, ಒಳ್ಳೆಯ ಶಬ್ದ ಕೇಳಿಸಿದರೆ ಒಳ್ಳೆಯ ಬೆಲೆ ಕೊಡುತ್ತಾರೆ ಎಂದು ಲೆಕ್ಕ ಹಾಕಿ, ಹೊರದೇಶದ ಒಂದು ದುಬಾರಿ ಸೆಟ್ಟು ತರಿಸಿದೆ. ಮೇಜಿನ ಮೇಲಿಡುವ ಎರಡು ಪುಟ್ಟ ಸ್ಪೀಕರು, ನೆಲದ ಮೇಲಿಡುವ ಮರದ ದೊಡ್ಡ ಪೆಟ್ಟಿಗೆ ಒಂದು. ಅಂಗಡಿಯ ಹಿಂದಿನ ಉಗ್ರಾಣ ಖಾಲಿ ಮಾಡಿಸಿ, ಜಮಖಾನ ಹಾಸಿ, ದಪ್ಪ ಪರದೆ ಕಟ್ಟಿ, ಬೆತ್ತದ ಕುರ್ಚಿ ಇಟ್ಟು, ಅದಕ್ಕೆ ‘ಕೇಳುವ ಕೋಣೆ’ ಎಂದು ಹೆಸರಿಟ್ಟೆ.

ಗಲ್ಲಾದಲ್ಲಿ ಕೂರುತ್ತಿದ್ದವಳು ನನ್ನ ಹೆಂಡತಿ. ಆರು ತಿಂಗಳು ನೋಡಿದಳು. ಆಮೇಲೆ ಒಂದು ದಿನ ಅಂದಳು, “ನೋಡ್ರೀ, ದಿನಾ ಕರೆಂಟ್ ಹೋಗ್ತಿದೆ. ಜನ ಇನ್ವರ್ಟರ್, ಇನ್ವರ್ಟರ್ ಅಂತ ಬಾಯಿ ಬಡ್ಕೋತಿದ್ದಾರೆ. ನೀವು ನೋಡಿದ್ರೆ ಆ ರೂಮಲ್ಲಿ ಗಾಳಿ ಮಾರ್ತಾ ಕೂತಿದ್ದೀರ. ದೀಪಾವಳಿಯೊಳಗೆ ಆ ಸೆಟ್ಟು ಹೋದ್ರೆ ಸರಿ. ಇಲ್ಲಾಂದ್ರೆ ರೂಮಲ್ಲಿ ಬ್ಯಾಟರಿ ಜೋಡಿಸ್ತೀನಿ.”

ಅವಳು ಅಂದದ್ದನ್ನು ಮಾಡುವವಳು. ಕೋಣೆ ಉಳಿಯಬೇಕಾದರೆ ಸೆಟ್ಟು ಹೋಗಬೇಕು. ಅಲ್ಲಿಂದ ಶುರುವಾಯಿತು.

ಗಟ್ಟಿ ಮತ್ತು ಜೊಳ್ಳು

ಮೊದಲು ಸಿಕ್ಕವರು ಸಂತೇಪೇಟೆಯ ಅಕ್ಕಿ ಮಂಡಿಯ ಯಜಮಾನರು. ಹಣೆ ತುಂಬ ವಿಭೂತಿ, ಮುಖ ತುಂಬ ಅನುಮಾನ. ಮಗ ಕಂಪ್ಯೂಟರ್ ಕೊಂಡಿದ್ದ, ಅದಕ್ಕೆ ಸ್ಪೀಕರು ಬೇಕಿತ್ತು. ಕುರ್ಚಿ ತೋರಿಸಿದೆ, ಕೂರಲಿಲ್ಲ. ಹಾಡು ಹಾಕಲು ಹೋದೆ, ಬೇಡ ಎಂದು ಕೈ ಆಡಿಸಿದರು. ಕುಕ್ಕರುಗಾಲಲ್ಲಿ ಕೂತು ದೊಡ್ಡ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ತೂಗಿದರು.

“ಇದು ಮಾಲು!”

ಆಮೇಲೆ ಪುಟ್ಟ ಸ್ಪೀಕರೊಂದನ್ನು ಎರಡು ಬೆರಳಲ್ಲಿ ಹಿಡಿದೆತ್ತಿದರು. “ಇದೇನ್ರೀ, ಬರೀ ಜೊಳ್ಳು?”

“ಯಜಮಾನ್ರೇ, ಹಾಡು ಬರೋದೇ ಆ ಪುಟ್ಟದರಲ್ಲಿ. ದೊಡ್ಡದು ತಳದ ದನಿಗೆ ಮಾತ್ರ. ಗುಡುಗು ಇದ್ದಂಗೆ.”

“ಜೊಳ್ಳು ಎರಡೂ ನೀವೇ ಮಡಿಕ್ಕಳಿ. ಗಟ್ಟಿದು ಒಂದು ಕೊಡಿ. ಅದಕ್ಕೆ ಎಷ್ಟೋ ಅಷ್ಟು ಹೇಳಿ.”

ಗಿರಾಕಿಯ ಜೊತೆ ವಾದ ಮಾಡಬಾರದು, ತೋರಿಸಿಬಿಡಬೇಕು. ಪುಟ್ಟವೆರಡರ ತಂತಿ ಕಿತ್ತು, ಪೆಟ್ಟಿಗೆಯೊಂದರಲ್ಲೇ ಹಾಡು ಹಾಕಿದೆ. ದುಮ್, ಗುಡುಗುಡು, ದುಮ್. ಯಜಮಾನರು ಪೆಟ್ಟಿಗೆಗೆ ಕಿವಿ ಹಚ್ಚಿದರು.

“ಹಾಡೆಲ್ಲಿ?”

“ಜೊಳ್ಳಿನಲ್ಲಿದೆ.”

ಇನ್ನೂ ಸ್ವಲ್ಪ ಹೊತ್ತು ಕೇಳಿ, ಪಂಚೆ ಕೊಡವಿಕೊಂಡು ಎದ್ದರು. “ಇದು ಮೂಟೆ ಎಳೆಯೋ ಸದ್ದು ಕಣ್ರೀ. ನಮ್ಮ ಮಂಡೀಲಿ ಬೆಳಿಗ್ಗೆಯಿಂದ ಸಂಜೆಗಂಟ ಬಿಟ್ಟಿ ಕೇಳ್ತೀನಿ. ಇದುಕ್ಕೆ ಬೇರೆ ದುಡ್ಡು ಕೊಡ್ಬೇಕಾ?”

ಇಸ್ತ್ರಿ ಪೆಟ್ಟಿಗೆಗಿಂತ ಹೆಚ್ಚು

ಆಗಿನ ಅಗ್ಗದ ಸ್ಪೀಕರುಗಳ ಡಬ್ಬದ ಮೇಲೆ ವ್ಯಾಟಿನ ಲೆಕ್ಕವನ್ನು ಬಾಯಿಗೆ ಬಂದ ಹಾಗೆ ಅಚ್ಚು ಹಾಕುತ್ತಿದ್ದರು. ಮುಷ್ಟಿಯಷ್ಟಿರುವುದಕ್ಕೂ ಸಾವಿರದಿನ್ನೂರು ವ್ಯಾಟ್. ಎಲ್ಲಾ ಬಡಾಯಿ. ನನ್ನ ದುಬಾರಿ ಸೆಟ್ಟು ಮರ್ಯಾದಸ್ಥರದ್ದು, ಇದ್ದದ್ದು ಇದ್ದಂತೆ ‘ನಲವತ್ತು’ ಎಂದು ಹಾಕಿದ್ದರು. ಬೋಗಾದಿಯಲ್ಲಿ ರೂಮು ಮಾಡಿಕೊಂಡಿದ್ದ ಕಾಲೇಜು ವಿದ್ಯಾರ್ಥಿಯೊಬ್ಬ ಎರಡೂ ಡಬ್ಬ ನೋಡಿ, ನನ್ನ ಸೆಟ್ಟಿನ ಮೇಲೆ ಕನಿಕರದ ದೃಷ್ಟಿ ಬೀರಿ, ಸಾವಿರದಿನ್ನೂರನ್ನು ಕೊಂಡುಹೋದ.

ಮರುದಿನ ಅವನ ಮನೆ ಓನರಮ್ಮ ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು, ಅವನನ್ನು ಹಿಂದಿಟ್ಟುಕೊಂಡು ಬಂದರು.

“ಇದನ್ನ ವಾಪಸ್ ತಗೊಳ್ಳಿ. ಇಸ್ತ್ರಿ ಪೆಟ್ಟಿಗೆ ಏಳುನೂರೈವತ್ತು ಕಣ್ರೀ, ಅದಕ್ಕೇ ನಾನು ಬಿಟ್ಟಿಲ್ಲ. ಇವನು ಸಾವಿರದಿನ್ನೂರು ತಂದು ತಲೆದಿಂಬಿನ ಪಕ್ಕ ಮಡಿಕ್ಕೊಂಡಿದ್ದಾನೆ. ಮೀಟರ್ ಸುಟ್ಟೋದ್ರೆ ಯಾರು ಕಟ್ಟೋದು?”

ಸೆಟ್ಟು ಮಾರುವ ಗಳಿಗೆ ಕೂಡಿಬಂತು ಎಂದುಕೊಂಡು, “ಹೌದಮ್ಮ, ಇಗೋ ಇದನ್ನ ಕೊಡ್ಸಿ. ಬರೀ ನಲವತ್ತು, ಒಂದು ಬಲ್ಬಿನಷ್ಟು” ಅಂದೆ. ಓನರಮ್ಮನ ಮುಖ ಅರಳಿತು. ಹುಡುಗನ ಮುಖ ಬಾಡಿತು.

“ನಲವತ್ತಾ? ಫ್ರೆಂಡ್ಸ್ ನಗ್ತಾರೆ ಆಂಟಿ!”

ಕೊನೆಗೆ ಬೇರೆ ದಾರಿ ಕಾಣದೆ ನಿಜ ಹೇಳಿದೆ. ಆ ಸಾವಿರದಿನ್ನೂರು ಸುಳ್ಳಮ್ಮ, ಅದು ಎಳೆಯೋ ಕರೆಂಟು ಒಂದು ಸಣ್ಣ ಬಲ್ಬಿನಷ್ಟೂ ಇಲ್ಲ, ಧೈರ್ಯವಾಗಿ ಇಟ್ಕೊಳ್ಳಲಿ. ಓನರಮ್ಮ ಸಮಾಧಾನವಾಗಿ ಮೆಟ್ಟಿಲಿಳಿದರು. ಹುಡುಗ ಮಾತ್ರ ಓಡಿಬಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ, “ಅಂಕಲ್, ಆಂಟಿ ಕೇಳಿದ್ರೆ ಸುಳ್ಳು ಅನ್ನಿ. ಫ್ರೆಂಡ್ಸ್ ಬಂದು ಕೇಳಿದ್ರೆ ಸಾವಿರದಿನ್ನೂರು ಅನ್ನಿ.”

ಮನೆಯಲ್ಲಿ ಕೇಳಿ ನೋಡುವುದು

ಅಂಗಡಿಯಲ್ಲಿ ಕೇಳುವುದೇ ಬೇರೆ, ಮನೆಯಲ್ಲಿ ಕೇಳುವುದೇ ಬೇರೆ. ಅದಕ್ಕೆ ನಾನೊಂದು ಪದ್ಧತಿ ಇಟ್ಟಿದ್ದೆ: ಪರಿಚಯದವರು ಸೆಟ್ಟನ್ನು ಮನೆಗೆ ಒಯ್ದು ಕೇಳಿ, ಒಪ್ಪಿದರೆ ಇಟ್ಟುಕೊಳ್ಳಬಹುದು. ಪಕ್ಕದ ಬೀದಿಯ ಮೇಷ್ಟ್ರೊಬ್ಬರು ಹೆಂಡತಿ, ಅತ್ತೆ, ಬಸುರಿ ಮಗಳು, ಎಲ್ಲರನ್ನೂ ಕರೆದುಕೊಂಡು ಹೆಣ್ಣು ನೋಡಲು ಬಂದವರ ಹಾಗೆ ಬಂದರು. ಅತ್ತೆ, “ಒಂದು ದೇವರನಾಮ ಹಾಡಿಸಿ” ಅಂದರು. ಮೇಷ್ಟ್ರ ಹೆಂಡತಿ, “ಬಣ್ಣ ಸ್ವಲ್ಪ ಕಪ್ಪಾಯ್ತು” ಅಂದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, “ಶುಕ್ರವಾರ ಒಯ್ದು ಸೋಮವಾರ ತಿಳಿಸ್ತೀವಿ” ಅಂದರು.

ಸೋಮವಾರ ಸೆಟ್ಟು ಬಂತು, ಮೇಷ್ಟ್ರೂ ಬಂದರು. “ಸೌಂಡೇನೋ ಭಾಳ ಚೆನ್ನಾಗಿದೆ. ಆದ್ರೆ ನಮ್ಮ ಹಾಲಿಗೆ ಹೊಂದಲ್ಲ ಅನ್ಸುತ್ತೆ.”

ನನ್ನ ಹೆಂಡತಿ ಗಲ್ಲಾದಿಂದ ಎದ್ದು ಬಂದಳು. ಮರದ ಪೆಟ್ಟಿಗೆಗೆ ಯಾರೋ ಅರಿಶಿನ ಕುಂಕುಮ ಹಚ್ಚಿದ್ದರು. ಅದನ್ನು ಬೋರಲು ಮಾಡಿ ಅಲುಗಿಸಿದಳು. ಗಾಳಿ ಹೋಗುವ ತೂತಿನಿಂದ ಅಕ್ಷತೆ ಉದುರಿತು. ಹಿಂದೆಯೇ ಒಂದು ಹಸಿರು ಬಳೆಯ ಚೂರು.

“ಸೀಮಂತ ಚೆನ್ನಾಗಿ ಆಯ್ತಾ ಮೇಷ್ಟ್ರೇ?”

ಮೇಷ್ಟ್ರು ಪ್ರಾಮಾಣಿಕರು, ಸುಳ್ಳು ಹೇಳುವವರಲ್ಲ. “ದೇವರ ದಯೆಯಿಂದ ಚೆನ್ನಾಗಾಯ್ತಮ್ಮ. ಸೆಟ್ಟು ಬೇಡವೇ ಬೇಡ ಅಂತ ಅಲ್ಲ. ಮೂರು ತಿಂಗಳು ಬಿಟ್ಟು ಇನ್ನೊಂದು ಸಲ ಒಯ್ದು ಕೇಳಿ ನೋಡ್ತೀವಿ. ತೊಟ್ಟಿಲು ಹಾಕೋ ಹೊತ್ತಿಗೆ.”

ಬಲ್ಲವರು

ಇಷ್ಟರಲ್ಲಿ ನಿಜವಾಗಿ ಕಿವಿ ಇದ್ದವರೊಬ್ಬರು ಬಂದರು. ಚರ್ಚಿನ ಗಾಯನ ತಂಡಕ್ಕೆ ಹಾಡು ಕಲಿಸುವ ಮಾಸ್ಟರು. ಸೆಟ್ಟು ಹೋಯಿತೆಂದೇ ನಾನು ಹೆಂಡತಿಗೆ ಕಣ್ಸನ್ನೆ ಮಾಡಿದೆ. ಮಾಸ್ಟರು ತಮ್ಮ ತಂಡದ ಹಾಡುಗಳ ಸಿ.ಡಿ. ಒಂದನ್ನು ತಂದಿದ್ದರು. ಹಬ್ಬಕ್ಕೆಂದು ಮಾಡಿಸಿದ್ದಂತೆ. ಬೆತ್ತದ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು.

ಮೊದಲ ಹಾಡಿಗೆ ಮುಗುಳ್ನಕ್ಕರು. ಎರಡನೆಯದಕ್ಕೆ ಹುಬ್ಬು ಗಂಟಿಕ್ಕಿತು. ಮೂರನೆಯದಕ್ಕೆ ಕುರ್ಚಿಯ ತುದಿಗೆ ಬಂದರು.

“ನಿಲ್ಸಿ. ಹಿಂದಕ್ಕೆ ಹಾಕಿ. ಅಲ್ಲಿ, ಬಲಗಡೆ ಒಬ್ಬಳು ಶ್ರುತಿ ಬಿಟ್ಟಳು ನೋಡಿ. ಇನ್ನೂ ಹಿಂದಕ್ಕೆ. ಹಾಡಿನ ಮಧ್ಯೆ ಕೆಮ್ಮಿದ್ದು ಯಾರು?”

ನಾನೂ ಕಿವಿ ಕೊಟ್ಟು ಕೇಳಿದೆ. “ದಪ್ಪ ಗಂಟಲು ಮಾಸ್ಟರೇ. ನಿಮ್ಮದೇ ಅನ್ಸುತ್ತೆ.”

ಮಾಸ್ಟರು ಎದ್ದು, ಸಿ.ಡಿ. ತೆಗೆದು ಜೇಬಿಗೆ ಹಾಕಿಕೊಂಡರು. “ಎಂಥಾ ಸೆಟ್ಟು ಸಾರ್! ಇಷ್ಟು ವರ್ಷದಲ್ಲಿ ಇಷ್ಟು ಸ್ಪಷ್ಟವಾಗಿ ನಾನು ಕೇಳಿಲ್ಲ.”

“ಹಾಗಾದ್ರೆ ಪ್ಯಾಕ್ ಮಾಡಿಸ್ಲಾ?”

“ಅಯ್ಯೋ, ಬೇಡಪ್ಪ! ಭಾನುವಾರ ಫಾದರ್‌ಗೆ ಈ ಹಾಡುಗಳನ್ನ ಕೇಳಿಸ್ಬೇಕು. ಯಾವುದರಲ್ಲಿ ಏನೂ ಸರಿಯಾಗಿ ಕೇಳ್ಸಲ್ವೋ ಅಂಥದ್ದೊಂದು ಕೊಡಿ.”

ಸಾವಿರದಿನ್ನೂರು ವ್ಯಾಟಿನದು ಕೊಟ್ಟು ಕಳಿಸಿದೆ.

ಗೋಕುಲಂನ ಮೇಲಿನ ಮನೆ, ಕೆಳಗಿನ ಮನೆ

ದೀಪಾವಳಿಗೆ ಎರಡು ವಾರವಿದ್ದಾಗ ನನ್ನ ಹೆಂಡತಿ ಬ್ಯಾಟರಿಯವನನ್ನು ಕರೆಸಿ ಕೋಣೆಯ ಅಳತೆ ತೆಗೆಸಿದಳು. ಅವನು ಟೇಪು ಸುತ್ತಿಕೊಳ್ಳುತ್ತಿದ್ದಾಗಲೇ ವಿದೇಶದ ಹೆಂಗಸೊಬ್ಬರು ಬಂದರು. ಗೋಕುಲಂನಲ್ಲಿ ಮನೆ ಹಿಡಿದು ಯೋಗ ಕಲಿಯುತ್ತಿದ್ದವರು. ಒಳ್ಳೆಯ ಹೆಡ್‌ಫೋನ್ ಬೇಕು ಅಂದರು. ಕೋಣೆಯಲ್ಲಿ ಕೂರಿಸಿ, ಕಿವಿಯನ್ನು ಪೂರ್ತಿ ಮುಚ್ಚುವ ದಪ್ಪ ಮೆತ್ತೆಯ ದುಬಾರಿ ಹೆಡ್‌ಫೋನು ಕೊಟ್ಟು, ತಂತಿ ಸಿಕ್ಕಿಸಲು ಹೋದೆ. ಬೇಡ ಅಂದರು. ತಂತಿಯಿಲ್ಲದೆ ಹಾಕಿಕೊಂಡು, ಕಣ್ಣು ಮುಚ್ಚಿ, ನನಗೆ ಹೇಳಿದರು, “ಈಗ ಕೂಗಿ.”

“ಹಲೋ” ಅಂದೆ.

“ಇನ್ನೂ ಜೋರಾಗಿ.”

ನನಗೆ ಆ ಹೊತ್ತಿಗೆ ಹೊಳೆದದ್ದು ನಮ್ಮ ಬೀದಿಯ ಗಾಡಿಯವನ ಕೂಗು. “ಸೊಪ್ಪೋ, ಸೊಪ್ಪು!” ಅಂತ ಗಂಟಲು ಹರಿಯುವಂತೆ ಅರಚಿದೆ. ಹೆಂಡತಿ ಪರದೆ ಸರಿಸಿ ಇಣುಕಿದಳು. ಆ ಹೆಂಗಸಿನ ಮುಖದಲ್ಲಿ ಮಾತ್ರ ಪರಮ ಶಾಂತಿ.

ವಿಷಯ ಏನೆಂದರೆ, ಆಕೆ ಯೋಗದ ತರಗತಿ ಮುಗಿಸಿ ಬಂದು ಬೆಳಿಗ್ಗೆ ಧ್ಯಾನಕ್ಕೆ ಕೂರುವ ಹೊತ್ತಿಗೆ ಸರಿಯಾಗಿ ಮೇಲಿನ ಮನೆಯಲ್ಲಿರುವ ಓನರು ಭಜನೆ ಹಾಕುತ್ತಿದ್ದರು. ದಿನಾ ಹೋಗಿ ಕೈ ಮುಗಿದರೂ ಪ್ರಯೋಜನವಾಗಿರಲಿಲ್ಲ. ಹಾಡು ಕೇಳಲಲ್ಲ, ಹಾಡು ಕೇಳದಿರಲು ಆಕೆಗೆ ಹೆಡ್‌ಫೋನ್ ಬೇಕಿತ್ತು. “ಒಂದು ಚೂರು ಶಬ್ದ ಒಳಗೆ ಬಂದ್ರೂ ವಾಪಸ್ ತನ್ನಿ” ಎಂದು ಧೈರ್ಯ ಕೊಟ್ಟೆ. ತಂತಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು.

ಒಂದು ವಾರ ಕಳೆದು ಅದೇ ಓನರು ಬಂದರು! ಕಾರ್ಖಾನೆಯಲ್ಲಿ ತಗಡು ಬಡಿದು ಬಡಿದು ಕಿವಿ ಮಂದವಾಗಿ ನಿವೃತ್ತರಾದವರು.

“ಸ್ವಾಮಿ, ನನ್ನ ಹಳೇ ಸ್ಪೀಕರಿನ ದನಿ ಬಿದ್ದೋಯ್ತು.”

“ಹಾಡ್ತಿಲ್ವಾ?”

“ಹಾಡೋದು ನನಗೆಲ್ಲಿ ಗೊತ್ತಾಗಬೇಕು? ಕೆಳಗಡೆ ಬಾಡಿಗೆಗೆ ಒಬ್ಬರು ಫಾರಿನ್ ಅಮ್ಮ ಅವ್ರೆ. ಹಾಡು ಹಾಕಿದ ಐದು ನಿಮಿಷಕ್ಕೆ ಮೇಲೆ ಬಂದು ಕಮ್ಮಿ ಮಾಡಿ ಅಂತ ಕೈ ಮುಗಿಯೋರು. ಸರಿ, ಚೆನ್ನಾಗಿ ಕೇಳ್ತಾ ಅದೆ ಅಂತ ನನಗೂ ಸಮಾಧಾನ. ಒಂದು ವಾರದಿಂದ ಬಂದೇ ಇಲ್ಲ ಕಣ್ರೀ! ಫುಲ್ ಇಟ್ರೂ ಬರ್ತಿಲ್ಲ!”

ವ್ಯಾಪಾರಸ್ಥನಿಗೆ ಮಾತು ಎಷ್ಟು ಮುಖ್ಯವೋ ಮೌನವೂ ಅಷ್ಟೇ ಮುಖ್ಯ. ನಾನು ಹೆಡ್‌ಫೋನಿನ ಸುದ್ದಿ ಎತ್ತಲಿಲ್ಲ. ಕೋಣೆಗೆ ಕರೆದೊಯ್ದು ಸೆಟ್ಟು ತೋರಿಸಿದೆ. ಅವರು ಪೆಟ್ಟಿಗೆಯ ಮೇಲೆ ಕೈಯಿಟ್ಟು ಅದುರುವುದನ್ನು ನೋಡಿ ತಲೆಯಾಡಿಸಿದರು.

“ಮನೆಗೆ ಒಯ್ತೀನಿ. ನಾಳೆ ಬೆಳಿಗ್ಗೆ ಆಯಮ್ಮ ಮೇಲೆ ಬಂದ್ರೆ ಸೆಟ್ಟು ನಂದು. ಬರ್ಲಿಲ್ಲಾಂದ್ರೆ ನಿಮ್ದು.”

ಆಟೋದಲ್ಲಿ ಸೆಟ್ಟು ಹೋಯಿತು. ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. “ಆಯಮ್ಮ ಬಂದ್ರೆ ಹೆಡ್‌ಫೋನ್ ವಾಪಸ್. ಬರದಿದ್ರೆ ಸೆಟ್ಟು ವಾಪಸ್, ರೂಮೂ ನಂದು. ಯಾವುದು ಆಗ್ಲಿ ಅಂತ ದೇವರಿಗೆ ಹೇಳ್ಕೋತೀರ?”



ಮರುದಿನ ನಾನು ಬಾಗಿಲು ತೆಗೆಯುವ ಮೊದಲೇ ಓನರು ಮೆಟ್ಟಿಲ ಮೇಲೆ ನಿಂತಿದ್ದರು. “ಬಂದ್ಬುಟ್ರು ಕಣ್ರೀ, ಬಂದ್ಬುಟ್ರು! ಹಾಡು ಹಾಕಿ ಎರಡು ನಿಮಿಷ ಆಗಿಲ್ಲ, ಬರಿಗಾಲಲ್ಲಿ ಓಡ್ಕೊಂಡು ಬಂದ್ರು! ಎಂಥಾ ಸೆಟ್ಟು ಸ್ವಾಮಿ!” ಹಣ ಕೊಟ್ಟು, ಕೈ ಕುಲುಕಿ ಹೋದರು. ಹೆಂಡತಿ ಬ್ಯಾಟರಿಯವನಿಗೆ ಫೋನ್ ಮಾಡಿ ಬರಬೇಡ ಅಂದಳು. ಕೋಣೆ ಉಳಿಯಿತು.

ಹೆಡ್‌ಫೋನಿನ ದುಡ್ಡಿನ ಆಸೆ ಬಿಟ್ಟು ನಾನು ಕಾದೆ. ಮಧ್ಯಾಹ್ನದ ಹೊತ್ತಿಗೆ ಆಕೆ ಬಂದೇ ಬಂದರು, ಹೆಡ್‌ಫೋನು ಕೊರಳಲ್ಲಿ.

“ಶಬ್ದ ಒಳಗೆ ಬಂತೇ?” ಎಂದು ಮೆಲ್ಲಗೆ ಕೇಳಿದೆ.

“ಇಲ್ಲ ಇಲ್ಲ, ಒಂದು ಚೂರೂ ಇಲ್ಲ! ಧ್ಯಾನಕ್ಕೆ ಕೂತಿದ್ದೆ. ಇದ್ದಕ್ಕಿದ್ದ ಹಾಗೆ ಕಿಟಕಿಯ ಗಾಜು ನಡುಗಿತು. ನೀರಿನ ಲೋಟ ತಾನೇ ನಡೆದುಕೊಂಡು ಮೇಜಿನ ಅಂಚಿಗೆ ಬಂತು. ಭೂಕಂಪ ಎಂದುಕೊಂಡು, ಪಾಪ, ಮೇಲಿನ ಅಜ್ಜನನ್ನು ಹೊರಗೆ ಕರೆತರೋಣ ಅಂತ ಓಡಿದೆ. ಅವರು ನನ್ನ ಬಾಯಿಗೆ ಮೈಸೂರ್ ಪಾಕ್ ಹಾಕಿದರು! ಯಾಕೆ?”

ಯಾಕೆಂದು ನಾನು ಹೇಳಲು ಹೋಗಲಿಲ್ಲ. ಆಕೆ ಹೆಡ್‌ಫೋನನ್ನು ಪ್ರೀತಿಯಿಂದ ಸವರಿ, “ಇದು ಕಿವಿಗೆ ಸರಿಯಾಗಿದೆ. ಇದೇ ತರಹದ್ದು ಮೈಪೂರ್ತಿ ಹಾಕಿಕೊಳ್ಳುವಂಥದ್ದು ನಿಮ್ಮಲ್ಲಿದೆಯೇ?” ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಗಲ್ಲಾದ ಕಡೆಯಿಂದ ನನ್ನ ಹೆಂಡತಿಯ ದನಿ ಬಂತು:

“ಆರ್ಡರ್ ಹಾಕಿದ್ದೀವಿ ಮೇಡಂ. ಹಬ್ಬ ಕಳೀಲಿ, ಬನ್ನಿ.”