ಕಳಸದೊಳಗಿನ ಕಾರು

ಶಿವಗಂಗಾ: ಹಂಗಾರ ಬೀಗರನ್ನ ಸೈಕಲ್ ಕ್ಯಾರಿಯರ್ ಮ್ಯಾಲ ಕುಂದರಿಸಿಕೊಂಡು ಬರ್ತೀರೇನು?

ಭೀಮಾಶಂಕರ: ಸೈಕಲ್ ಯಾಕ? ಲಿಂಗಂಪಲ್ಲಿ ಸ್ಟೇಷನ್ನಿಂದ ಬಸ್ ಐತಿ. ಮತ್ತ ಅವರು ಇನ್ನೂ ಬೀಗರಾಗಿಲ್ಲ.

ಶಿವಗಂಗಾ: ಬಸ್ಸಿನಾಗ ಕರ್ಕೊಂಡು ಬಂದ್ರ ಆಗೂದೂ ಇಲ್ಲ ಬಿಡ್ರಿ.

ಗಚ್ಚಿಬೌಲಿಯ ಆ ಅಪಾರ್ಟ್‌ಮೆಂಟಿನಲ್ಲಿ ಅಂದು ‘ಕಾರಿಲ್ಲದ ಭಾನುವಾರ’. ಹೊಗೆ ಕಡಿಮೆಯಾಗಲಿ, ಜನ ಬಸ್ಸು ರೈಲು ಹತ್ತಲಿ ಎಂದು ಇದನ್ನು ಹುಟ್ಟುಹಾಕಿದವರು ಸಂಘದ ಅಧ್ಯಕ್ಷ ಭೀಮಾಶಂಕರ ಅವರೇ. ಶನಿವಾರ ಸಂಜೆ ಮನೆಮನೆಯವರೂ ಕಾರಿನ ಕೀಲಿಕೈ ತಂದು, ಆವರಣದ ಗಣಪತಿ ಗುಡಿಯಲ್ಲಿದ್ದ ತಾಮ್ರದ ಕೊಡಕ್ಕೆ ಹಾಕಿದ್ದರು. ಬರೀ ಕೊಡವಾದರೆ ಯಾರಾದರೂ ಕೈ ಹಾಕಿಯಾರು ಎಂದು ಎಲೆ, ತೆಂಗಿನಕಾಯಿ ಇಟ್ಟು, ಅರಿಶಿನದ ದಾರ ಸುತ್ತಿ, ಅದನ್ನು ಕಳಸ ಮಾಡಿ ಕೂರಿಸಿದವಳು ಹೆಂಡತಿ ಶಿವಗಂಗಾ. ಭಾನುವಾರ ಸಂಜೆಯ ಮಂಗಳಾರತಿಯವರೆಗೆ ಅದು ಕದಲುವಂತಿಲ್ಲ. ಇಷ್ಟೆಲ್ಲ ಆದ ಮೇಲೆ ಫೋನು ಬಂತು: ಮಗಳು ಗುರುದೇವಿಯನ್ನು ನೋಡಲು ರಾಯಚೂರಿನ ಅಮರಯ್ಯನವರು ಮಗನನ್ನು ಕರೆದುಕೊಂಡು ಬೆಳಗಿನ ರೈಲಿಗೆ ಬರುತ್ತಿದ್ದಾರೆ.

ಭೀಮಾಶಂಕರ: ಅಮರಯ್ಯನವರು ಬಸ್ ಡಿಪೋದಾಗ ಮ್ಯಾನೇಜರ್ ಇದ್ದವರು. ಬಸ್ ಕಂಡ್ರ ಅವರಿಗೆ ಖುಷಿನ ಆಗ್ತೈತಿ.

ಶಿವಗಂಗಾ: ಮಿಠಾಯಿ ಅಂಗಡಿಯವರು ಮನಿಗೆ ಬಂದ್ರ ಅವರ ಅಂಗಡಿ ಮಿಠಾಯಿನ ತಂದು ತಿನ್ನಸ್ತೀರೇನು? ಹೋದ ವರ್ಷದ ಸಂಬಂಧ ಮರ್ತ್ರ್ಯಾ? ಪರಿಸರ ಪರಿಸರ ಅಂತ ಅವರನ್ನ ನಡಿಸ್ಕೊಂಡು ಬಂದ್ರಿ.

ಭೀಮಾಶಂಕರ: ನಡದ್ರ ಚಲೋ ಹಸಿವಾಗ್ತೈತಂತ ಕರ್ಕೊಂಡು ಬಂದೆ.

ಶಿವಗಂಗಾ: ಹಸಿವಾತು, ಉಂಡ್ರು, ಹೋದ್ರು. ಹೊಳ್ಳಿ ಬರಲಿಲ್ಲ. ಗುರುದೇವಿ ಈ ಹುಡುಗನ್ನ ಫೋಟೋದಾಗ ನೋಡೇ ಮೆಚ್ಯಾಳ. ಇದೂ ತಪ್ಪಿದ್ರ ನಾ ಸುಮ್ನಿರಂಗಿಲ್ಲ. ಕಾರಿನ ಎರಡನೇ ಚಾವಿ ಎಲ್ಲೈತಿ?

ಭೀಮಾಶಂಕರ: ಅದನ್ನೂ ಕೊಡದಾಗ ಹಾಕೀನಿ.

ಶಿವಗಂಗಾ: ಎರಡೂ? ಯಾಕ?

ಭೀಮಾಶಂಕರ: ನನ್ನ ಮ್ಯಾಲ ನನಗ ನಂಬಿಕಿ ಇರಲಿಲ್ಲ.

ಶಿವಗಂಗಾ ತಲೆಯ ಮೇಲೆ ಕೈ ಹೊತ್ತು ಕೂತಳು. ಆದರೆ ಹೆಣ್ಣು ಹೆತ್ತವಳು ಹಾಗೆ ಬಹಳ ಹೊತ್ತು ಕೂರುವಂತಿಲ್ಲ. ಒಂದು ಹಿಡಿ ಅಕ್ಕಿ ಸೆರಗಿಗೆ ಕಟ್ಟಿಕೊಂಡು ಎದ್ದಳು.

ಶಿವಗಂಗಾ: ಏಳ್ರಿ. ಅಕ್ಕಿಕಾಳು ಹಾಕಿ ಕಳಸ ಉತ್ತರಕ್ಕ ಒಂಚೂರು ಸರಿಸಿದ್ರ ಪೂಜಿ ಮುಗಿದಂಗ. ದೇವರು ಏನೂ ಅನ್ನಂಗಿಲ್ಲ.

ಭೀಮಾಶಂಕರ: ದೇವರು ಅನ್ನಂಗಿಲ್ಲ, ಕಮಿಟಿ ಅಂತೈತಿ.

ಶಿವಗಂಗಾ: ಕಮಿಟಿಗೆ ಮದುವಿಗೆ ಬಂದ ಮಗಳಿಲ್ಲ.

ಗುಡಿಯಲ್ಲಿ ಯಾರೂ ಇರಲಿಲ್ಲ. ಶಿವಗಂಗಾ ಗಣಪತಿಗೆ ಕೈಮುಗಿದು, ಅಕ್ಕಿಕಾಳು ಹಾಕಿ ಕಳಸವನ್ನು ಉತ್ತರಕ್ಕೆ ಸರಿಸಿದಳು, ದಾರ ಬಿಚ್ಚಿದಳು, ಕಾಯಿ ತೆಗೆದಳು. ಭೀಮಾಶಂಕರ ಹೆಗಲ ಮೇಲಿನ ಟವೆಲು ಹಾಸಿ ಕೊಡವನ್ನು ಬಗ್ಗಿಸಿದರು. ಬೀರುವಿನ ಕೀಲಿಕೈ ಬಿತ್ತು. ಸೂಟ್‌ಕೇಸಿನ ಪುಟ್ಟ ಕೀಲಿಕೈಗಳು ಬಿದ್ದವು. ತುಕ್ಕು ಹಿಡಿದ ಯಾವುದೋ ಬೀಗದ್ದು, ಮಾರಿಹೋದ ಯಾವುದೋ ಸ್ಕೂಟರಿನದು, ಎಲ್ಲ ಬಿದ್ದವು. ಕಾರಿನವು ಮಾತ್ರ ಎರಡೇ. ಎರಡೂ ಅಧ್ಯಕ್ಷರವು.

ಭೀಮಾಶಂಕರ: ಗಂಗಾ, ಇಡೀ ಅಪಾರ್ಟ್‌ಮೆಂಟಿನಾಗ ಕಾರ್ ಇರೂದು ನಮ್ಮದೊಂದನ?

ಶಿವಗಂಗಾ: ಕಾರ್ ಎಲ್ಲಾರವೂ ಅದಾವ. ಹುಚ್ಚರು ನಾವಷ್ಟ.

ಅಷ್ಟರಲ್ಲಿ ಬಾಗಿಲಲ್ಲಿ ನೆರಳಾಡಿತು. ಸಂಘದ ಕಾರ್ಯದರ್ಶಿ, ಮೈಸೂರಿನ ನಳಿನಿ, ಮುಷ್ಟಿ ಬಿಗಿಹಿಡಿದು ನಿಂತಿದ್ದಳು.

ನಳಿನಿ: ಓ, ಅಂಕಲ್, ನೀವಿಲ್ಲಿ... ನಾನು ದೇವರಿಗೆ ಹೂವು ಇಡೋಣ ಅಂತ ಬಂದೆ.

ಶಿವಗಂಗಾ: ಹೂವು ಎಲ್ಲೈತವ್ವಾ? ಮುಷ್ಟಿ ಬಿಚ್ಚು ನೋಡೂಣು.

ನಳಿನಿ: ಕಾರ್ ಕೀ ಆಂಟಿ. ನಿನ್ನೆ ಸೂಟ್‌ಕೇಸ್ ಕೀ ಹಾಕಿಬಿಟ್ಟಿದ್ದೆ. ಮಿಕ್ಕವರೆಲ್ಲ ನಿಜವಾದ್ದೇ ಹಾಕ್ತಾರಲ್ಲ, ನನ್ನದೊಂದು ಕಾರು ಓಡಿದ್ರೆ ಪರಿಸರಕ್ಕೇನಾಗತ್ತೆ ಅಂದ್ಕೊಂಡೆ. ಆಮೇಲೆ ನಿದ್ದೆನೇ ಬರ್ಲಿಲ್ಲ. ಬದಲಾಯಿಸೋಣ ಅಂತ ಬಂದೆ. ಅದಿರ್ಲಿ, ನೀವ್ಯಾಕೆ ಕಳಸ ಬಿಚ್ಚಿದ್ರಿ?

ಭೀಮಾಶಂಕರ: ಅದು... ತಪಾಸಣಿ.

ಶಿವಗಂಗಾ: ಹೌದವ್ವಾ. ಅಧ್ಯಕ್ಷರಂದ ಮ್ಯಾಲ ಆಗಾಗ ತಪಾಸಣಿ ಮಾಡಬೇಕಾಗ್ತೈತಿ.

ನಳಿನಿ: ಕಾರ್ ಕೀ ಕೈಯಲ್ಲಿ ಹಿಡ್ಕೊಂಡಾ?

ಭೀಮಾಶಂಕರ ಕೀಲಿಕೈ ಹಿಡಿದ ಕೈಯನ್ನು ಬೆನ್ನ ಹಿಂದೆ ಸರಿಸುವಷ್ಟರಲ್ಲಿ ಫೋನು ಬಡಿದುಕೊಂಡಿತು. ಗಾಬರಿಗೆ ಸ್ಪೀಕರ್ ಒತ್ತಿಬಿಟ್ಟರು.

ಅಮರಯ್ಯ: ನಮಸ್ಕಾರ್ರಿ. ನಾವು ನಿಮ್ಮ ಗೇಟಿನ ಮುಂದ ಅದೀವಿ.

ಭೀಮಾಶಂಕರ: ಬಂದಬಿಟ್ರಿ? ನಾ ಈಗ ಸ್ಟೇಷನ್ನಿಗೆ ಹೊಂಟಿದ್ನಲ್ರಿ.

ಅಮರಯ್ಯ: ರೈಲು ಲಗೂ ಬಂತು. ಹೊರಗ ಬಂದ್ರ ಬಸ್ ನಿಂತಿತ್ತು, ಸೀಟೂ ಖಾಲಿ ಇದ್ವು. ಸೀಟಿದ್ದ ಬಸ್ ಬಿಟ್ಟು ಬರಾಕ ನನಗ ಮನಸ್ಸಾಗಂಗಿಲ್ರಿ. ಆದ್ರ ಒಂದು ತಿಳೀಲಿಲ್ಲ. ಕಾರಿಲ್ಲದ ಭಾನುವಾರ ಅಂತ ಬ್ಯಾನರ್ ಕಟ್ಟೀರಿ, ಅದರ ಕೆಳಗ ಒಂದರ ಹಿಂದ ಒಂದು ಕಾರ್ ಹೊರಗ ಬರಾಕತ್ತಾವ. ಇದೇನು ಕಾರಿನ ಮೆರವಣಿಗಿ ಏನ್ರಿ? ಒಬ್ಬರಂತೂ ನನ್ನ ನೋಡಿ ಮಾರಿ ಮುಚ್ಕೊಂಡ್ರು.

ಭೀಮಾಶಂಕರ: ಅದು ಏನಾಗೇತಂದ್ರ...

ಅಮರಯ್ಯ: ನೀವೇನೂ ಹೇಳಬ್ಯಾಡ್ರಿ. ಇಲ್ಲಿ ವಾಚ್‌ಮನ್ ಮೌನಪ್ಪ ನಮ್ಮ ಕಡೆಯವನ. ಎಲ್ಲಾ ಹೇಳಿದ. ನಿನ್ನೆ ಸಂಜಿಯಿಂದ ಕದಲದ ಕಾರ್ ಅಧ್ಯಕ್ಷರದೊಂದ ಅಂತ. ಮಗಳನ್ನ ನೋಡಾಕ ಮಂದಿ ಬರ್ತಾರಂತ ಗೊತ್ತಿದ್ರೂ ನೀವು ಕೊಟ್ಟ ಮಾತು ಬಿಡಲಿಲ್ಲ. ಇಂಥಾ ಮನಿ ಹೆಣ್ಣು ಸಿಕ್ಕರ ನಮ್ಮ ಪುಣ್ಯೇವ್ರಿ. ಹುಡುಗರು ಒಪ್ಪಿದ್ರ ನನ್ನ ತಕರಾರಿಲ್ಲ. ಆ ಕಳಸಕ್ಕ ನಾನೂ ಒಂದು ನಮಸ್ಕಾರ ಮಾಡಬೇಕು. ಮೊದಲು ಗುಡಿಗೆ ಬರ್ತೀನಿ, ಆಮ್ಯಾಲ ಮನಿಗೆ.

ಫೋನು ಬಂದಾಯಿತು. ನಳಿನಿ ತನ್ನ ಕಾರಿನ ಕೀಲಿಕೈಯನ್ನು ಕೊಡದೊಳಗೆ ಹಾಕಿ ದಾರ ಹುಡುಕತೊಡಗಿದಳು. ಶಿವಗಂಗಾ ಟವೆಲಿನ ಮೇಲಿದ್ದ ಬೀರು, ಸೂಟ್‌ಕೇಸಿನ ಕೀಲಿಕೈಗಳನ್ನೆಲ್ಲ ಬಾಚಿ ಕೊಡಕ್ಕೆ ಸುರಿದಳು. ಅಧ್ಯಕ್ಷರು ಮಾತ್ರ ಕೈಯಲ್ಲಿ ಎರಡು ಕೀಲಿಕೈ ಹಿಡಿದುಕೊಂಡು ನಿಂತೇ ಇದ್ದರು.

ಶಿವಗಂಗಾ: ನಿಂತು ಏನ್ ನೋಡ್ತೀರಿ? ಹಾಕ್ರಿ ಒಳಗ. ಎರಡೂ ಹಾಕ್ರಿ. ಕಾಯಿ ಇಡ್ರಿ. ಈಗ ಕಳಸ ದಕ್ಷಿಣಕ್ಕ ಸರಸ್ರಿ.

ಭೀಮಾಶಂಕರ: ಉತ್ತರಕ್ಕ ಸರಿಸಿದ್ದನ್ನ ಹೊಳ್ಳಿ ದಕ್ಷಿಣಕ್ಕ ಸರಿಸಿದ್ರ, ಮುಗಿದ ಪೂಜಿ ಮತ್ತ ಶುರು ಆಗ್ತೈತೇನು?

ಶಿವಗಂಗಾ: ಆಗ್ತೈತಿ. ಬೀಗರು ಬರಾಕತ್ತಾರ.

ಭೀಮಾಶಂಕರ: ಗಂಗಾ, ಅವರು ಇನ್ನೂ ಬೀಗರಾಗಿಲ್ಲ.

ಶಿವಗಂಗಾ: ಅದಕ್ಕ ಅನ್ನಾಕತ್ತೀನಿ, ಲಗೂ ಸರಸ್ರಿ.